ತಪ್ಪು ಯಾವುದು, ಬರೀ ಹಠ ಯಾವುದು: ಮೆರಿಯಮ್-ವೆಬ್‌ಸ್ಟರ್ ಸಂಸ್ಥೆಯ ಇಂಗ್ಲಿಷ್ ಬಳಕೆಯ ನಿಘಂಟು

ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ತಪ್ಪಾಗಿ ಬಳಕೆಯಾಗುವ ಪದಗಳ ಪಟ್ಟಿಗಳಿಗೆ ನಮ್ಮಲ್ಲಿ ಬರವಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳಿಂದ ಹಿಡಿದು ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ಹಂಚುವ ಝೆರಾಕ್ಸ್ ಹಾಳೆಗಳವರೆಗೆ ಎಲ್ಲ ಕಡೆಯೂ ಎಡಕ್ಕೆ ‘ತಪ್ಪು’, ಬಲಕ್ಕೆ ‘ಸರಿ’ ಎಂದು ಬರೆದ ಕೋಷ್ಟಕಗಳು ಸಿಗುತ್ತವೆ. ಅವುಗಳನ್ನು ಬಾಯಿಪಾಠ ಮಾಡಿಯೇ ನಾವು ಹಲವರು ಪರೀಕ್ಷೆ ಪಾಸಾಗಿದ್ದೇವೆ. ಆದರೆ ಒಂದು ಪ್ರಯೋಗವನ್ನು ತಪ್ಪೆಂದು ಮೊದಲು ಹೇಳಿದವರು ಯಾರು, ಯಾವ ಆಧಾರದ ಮೇಲೆ ಹೇಳಿದರು, ಅದಕ್ಕೆ ಮುಂಚೆ ಜನ ಹೇಗೆ ಬರೆಯುತ್ತಿದ್ದರು, ಆಮೇಲೆ ಹೇಗೆ ಬರೆದರು ಎಂಬ ಪ್ರಶ್ನೆಗಳಿಗೆ ಆ ಕೋಷ್ಟಕಗಳಲ್ಲಿ ಉತ್ತರವಿರುವುದಿಲ್ಲ. ಈ ಪ್ರಶ್ನೆಗಳನ್ನೇ ಕೈಗೆತ್ತಿಕೊಂಡು ಒಂದೊಂದು ಪದಕ್ಕೂ ದಾಖಲೆ ಸಮೇತ ಉತ್ತರ ಕೊಡುವ ಪುಸ್ತಕ ‘ಮೆರಿಯಮ್-ವೆಬ್‌ಸ್ಟರ್ಸ್ ಡಿಕ್ಷನರಿ ಆಫ್ ಇಂಗ್ಲಿಷ್ ಯೂಸೇಜ್’. ಇಂಗ್ಲಿಷಿನಲ್ಲಿ ಬರೆದು, ತಿದ್ದಿ, ಕಲಿಸಿ ಜೀವನ ನಡೆಸುವ ಕನ್ನಡಿಗರು ಹಣ ಕೊಟ್ಟು ಕೊಳ್ಳಲೇಬೇಕಾದ ಪುಸ್ತಕವಿದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾರು ಕೊಳ್ಳಬೇಕಾಗಿಲ್ಲ ಎಂಬುದನ್ನೂ ಮುಂದೆ ಹೇಳುತ್ತೇನೆ.

ಈ ನಿಘಂಟು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿರುವ ಮೆರಿಯಮ್-ವೆಬ್‌ಸ್ಟರ್ ಸಂಸ್ಥೆಯಿಂದ 1989ರಲ್ಲಿ ಹೊರಬಂದಿತು. ಸಂಪಾದಕರು ವಾರ್ಡ್ ಗಿಲ್ಮನ್. ಸಾವಿರಕ್ಕೆ ಸ್ವಲ್ಪವೇ ಕಡಿಮೆ ಪುಟಗಳು, 2,300ರಷ್ಟು ಲೇಖನಗಳು, 20,000ದಷ್ಟು ಉದ್ಧರಣೆಗಳು ಇದರಲ್ಲಿವೆ. ನೋವಾ ವೆಬ್‌ಸ್ಟರ್ 1843ರಲ್ಲಿ ತೀರಿಕೊಂಡ ಬಳಿಕ ಅವರ ನಿಘಂಟಿನ ಹಕ್ಕುಗಳನ್ನು ಕೊಂಡ ಮೆರಿಯಮ್ ಸೋದರರ ಸಂಸ್ಥೆ ಇದು. ಅಚ್ಚಾದ ಬರಹಗಳನ್ನು ಓದುತ್ತ, ಗಮನ ಸೆಳೆದ ಪ್ರತಿಯೊಂದು ಪ್ರಯೋಗವನ್ನೂ ಸಣ್ಣ ಚೀಟಿಯಲ್ಲಿ ಬರೆದು, ಲೇಖಕರ ಹೆಸರು ಮತ್ತು ಇಸವಿಯೊಡನೆ ಅಕ್ಷರಕ್ರಮದಲ್ಲಿ ಜೋಡಿಸಿಡುವ ಕೆಲಸವನ್ನು ಇಲ್ಲಿನ ಸಂಪಾದಕರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಅಂಥ ಚೀಟಿಗಳ ಸಂಖ್ಯೆ ಒಂದು ಕೋಟಿಗೂ ಹೆಚ್ಚು. ‘ಯಾರೂ ಹೀಗೆ ಬರೆಯುವುದಿಲ್ಲ’ ಎಂದು ವ್ಯಾಕರಣದ ಪಂಡಿತರೊಬ್ಬರು ಹೇಳಿದಾಗ ‘ಇಂಥವರು ಇಂಥ ಇಸವಿಯಲ್ಲಿ ಇಂಥ ಕಡೆ ಬರೆದಿದ್ದಾರೆ’ ಎಂದು ತೋರಿಸುವ ಬಲ ಈ ಪುಸ್ತಕಕ್ಕೆ ಬಂದಿರುವುದು ಆ ಚೀಟಿಗಳಿಂದಲೇ.

ಈ ಬಲವನ್ನು ಗಳಿಸುವ ಮುನ್ನ ಸಂಸ್ಥೆ ಸಾಕಷ್ಟು ಬೈಗುಳವನ್ನೂ ತಿಂದಿತ್ತು. 1961ರಲ್ಲಿ ಫಿಲಿಪ್ ಗೋವ್ ಅವರ ಸಂಪಾದಕತ್ವದಲ್ಲಿ ಹೊರಬಂದ ಅದರ ಮೂರನೆಯ ದೊಡ್ಡ ನಿಘಂಟು, ಪದಗಳಿಗೆ ಸರಿ-ತಪ್ಪುಗಳ ತೀರ್ಪು ಕೊಡುವುದಕ್ಕಿಂತ ಬಳಕೆಯನ್ನು ದಾಖಲಿಸುವುದೇ ತನ್ನ ಕೆಲಸವೆಂದು ತಿಳಿದಾಗ, ಅಮೆರಿಕದ ಪತ್ರಿಕೆಗಳು ಭಾಷೆ ಕೆಟ್ಟೇಹೋಯಿತೆಂಬಂತೆ ಅದರ ಮೇಲೆ ಮುಗಿಬಿದ್ದವು. ಸುಮಾರು ಮೂರು ದಶಕಗಳ ನಂತರ ಬಂದ ಈ ಬಳಕೆಯ ನಿಘಂಟನ್ನು ಆ ಟೀಕೆಗಳಿಗೆ ಕೊಟ್ಟ ಸಾವಧಾನದ ಉತ್ತರವೆಂದೂ ನಾನು ಓದಿಕೊಂಡಿದ್ದೇನೆ. ಇಲ್ಲಿ ಸಿಟ್ಟಿಲ್ಲ, ಪುರಾವೆಯ ಮೇಲೆ ಪುರಾವೆ ಇದೆ.

ಪುಸ್ತಕದ ಯಾವುದೇ ಲೇಖನವನ್ನು ತೆರೆದರೂ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ವಿವಾದವೇನು, ಅದನ್ನು ಎಬ್ಬಿಸಿದವರು ಯಾರು ಎಂಬ ಚರಿತ್ರೆ. ಆಮೇಲೆ ಆ ಪದವನ್ನು ಹೆಸರಾಂತ ಲೇಖಕರು, ಪತ್ರಿಕೆಗಳು, ಖಾಸಗಿ ಪತ್ರಗಳು ಹೇಗೆ ಬಳಸಿವೆ ಎಂಬ ಉದ್ಧರಣೆಗಳು. ಕೊನೆಗೆ ಸಂಪಾದಕರ ತೀರ್ಮಾನ. ತೀರ್ಮಾನಕ್ಕೆ ಬರುವ ಹೊತ್ತಿಗೆ ಓದುಗನ ಕಣ್ಣೆದುರು ಸಾಕ್ಷ್ಯವೆಲ್ಲ ಹರಡಿಕೊಂಡಿರುವುದರಿಂದ, ಸಂಪಾದಕರ ಮಾತನ್ನು ಒಪ್ಪದಿರುವ ಸ್ವಾತಂತ್ರ್ಯವೂ ಅವನಿಗೆ ಇದ್ದೇ ಇರುತ್ತದೆ. ಈ ಬಗೆಯ ಬೇರೆ ಪುಸ್ತಕಗಳಲ್ಲಿ ಇಷ್ಟು ಪ್ರಾಮಾಣಿಕತೆಯನ್ನು ನಾನು ಕಂಡಿಲ್ಲ.

ಉದಾಹರಣೆಗೆ ‘ಲೆಸ್’ ಮತ್ತು ‘ಫ್ಯೂವರ್’ ಕುರಿತ ಲೇಖನವನ್ನೇ ನೋಡೋಣ. ಎಣಿಸಬಹುದಾದ ವಸ್ತುಗಳಿಗೆ ‘ಫ್ಯೂವರ್’, ಅಳೆಯಬೇಕಾದ ವಸ್ತುಗಳಿಗೆ ‘ಲೆಸ್’ ಎಂಬುದು ನಮಗೆಲ್ಲ ಕಲಿಸಿದ ನಿಯಮ. ಕನ್ನಡದಲ್ಲಿ ‘ಕಡಿಮೆ ಜನ’, ‘ಕಡಿಮೆ ನೀರು’ ಎಂದು ಎರಡಕ್ಕೂ ಒಂದೇ ಪದ ಸಾಕಾಗುವುದರಿಂದ ಈ ಅಂತರ ನಮಗೆ ತಾನಾಗಿ ಹೊಳೆಯುವುದಿಲ್ಲ; ನಿಯಮವನ್ನು ನೆನಪಿಟ್ಟುಕೊಂಡೇ ಬರೆಯಬೇಕಾಗುತ್ತದೆ. ಬ್ರಿಟನ್ನಿನಲ್ಲಂತೂ ಇದು ಸೂಪರ್‌ಮಾರ್ಕೆಟ್ಟಿನ ಬಿಲ್ ಕೌಂಟರಿನವರೆಗೂ ಹೋದ ಜಗಳ. ಹತ್ತು ಅಥವಾ ಅದಕ್ಕಿಂತ ಕಡಿಮೆ ಸಾಮಾನು ಕೊಂಡವರಿಗೆಂದು ಇಟ್ಟಿದ್ದ ಸಾಲಿನ ಮೇಲೆ ‘ಟೆನ್ ಐಟಮ್ಸ್ ಆರ್ ಲೆಸ್’ ಎಂದು ಬರೆದದ್ದು ತಪ್ಪು, ‘ಫ್ಯೂವರ್’ ಎಂದಿರಬೇಕು ಎಂದು ಆಕ್ಷೇಪಿಸುವವರು ಹೆಚ್ಚಾಗಿ, ಕಡೆಗೆ 2008ರಲ್ಲಿ ಟೆಸ್ಕೊ ಮಳಿಗೆಗಳು ಎರಡೂ ಪದಗಳ ಸಹವಾಸ ಬೇಡವೆಂದು ‘ಅಪ್ ಟು ಟೆನ್ ಐಟಮ್ಸ್’ ಎಂಬ ಫಲಕಕ್ಕೆ ಬದಲಾದವು.

ನಿಘಂಟು ಈ ನಿಯಮದ ಬೇರನ್ನು ಹುಡುಕಿಕೊಂಡು ಹೋಗುತ್ತದೆ. ‘ಲೆಸ್’ ಪದವನ್ನು ಎಣಿಸುವ ವಸ್ತುಗಳಿಗೆ ಬಳಸಿದ ಉದಾಹರಣೆ ಇಂಗ್ಲೆಂಡಿನ ಆಲ್‌ಫ್ರೆಡ್ ದೊರೆಯ ಅನುವಾದದಲ್ಲೇ, ಅಂದರೆ ಸುಮಾರು 888ರಲ್ಲೇ, ಸಿಗುತ್ತದೆ. ಅಲ್ಲಿಂದ ಮುಂದೆ ಎಂಟು ಒಂಬತ್ತು ಶತಮಾನಗಳ ಕಾಲ ಇದನ್ನು ಯಾರೂ ತಪ್ಪೆಂದು ಎಣಿಸಿದಂತಿಲ್ಲ. 1770ರಲ್ಲಿ ರಾಬರ್ಟ್ ಬೇಕರ್ ಎಂಬ ಲೇಖಕರು, ‘ನೂರಕ್ಕಿಂತ ಕಡಿಮೆಯಲ್ಲ’ ಎನ್ನುವಾಗ ‘ಲೆಸ್’ ಬದಲು ‘ಫ್ಯೂವರ್’ ಬಂದರೆ ಹೆಚ್ಚು ಸೊಗಸೆಂದು ತಮಗೆ ತೋರುತ್ತದೆ ಎಂಬ ಅಭಿಪ್ರಾಯ ಬರೆದರು. ಅವರು ಹೇಳಿದ್ದು ತಮ್ಮ ಅಭಿರುಚಿಯನ್ನು ಮಾತ್ರ. ಅದು ಒಬ್ಬರ ಪುಸ್ತಕದಿಂದ ಇನ್ನೊಬ್ಬರ ಪುಸ್ತಕಕ್ಕೆ ಸಾಗುತ್ತ, ಸಾಗಿದಂತೆಲ್ಲ ಗಟ್ಟಿಯಾಗುತ್ತ, ಕಡೆಗೆ ವಿನಾಯಿತಿಯಿಲ್ಲದ ಕಾನೂನಾಗಿ ನಮ್ಮ ಗೈಡುಗಳಿಗೂ ಇಳಿದುಬಂತು. ದೂರ, ಹಣ, ಸಮಯಗಳ ಮಾತು ಬಂದಾಗ ಅಂಕಿಯಿದ್ದರೂ ‘ಲೆಸ್’ ಎಂಬುದೇ ಇಂಗ್ಲಿಷಿನ ಸಹಜ ಪ್ರಯೋಗ: ‘ಲೆಸ್ ದ್ಯಾನ್ ಫೈವ್ ಮೈಲ್ಸ್’, ‘ಲೆಸ್ ದ್ಯಾನ್ ಎ ಹಂಡ್ರೆಡ್ ರುಪೀಸ್’. ಇಲ್ಲಿ ನಿಯಮಕ್ಕೆ ಅಂಜಿ ‘ಫ್ಯೂವರ್’ ಎಂದು ಬರೆದರೆ ಓದುವವರ ಕಿವಿಗೆ ಅಪಸ್ವರವಾಗಿ ಕೇಳಿಸುತ್ತದೆ. ನಿಯಮ ಪಾಲಿಸಲು ಸುಲಭವಾಗಿದೆ, ಆದರೆ ಇಡೀ ಬಳಕೆಯನ್ನು ಅದು ವಿವರಿಸುವುದಿಲ್ಲ ಎಂಬುದು ಲೇಖನದ ಸಾರ. ಇದನ್ನು ಓದಿದ ಮೇಲೆಯೂ ನಾನು ‘ಫ್ಯೂವರ್ ಸ್ಟೂಡೆಂಟ್ಸ್’ ಎಂದೇ ಬರೆಯುತ್ತೇನೆ, ತಿದ್ದುವಾಗಲೂ ಹಾಗೆಯೇ ತಿದ್ದುತ್ತೇನೆ. ಆದರೆ ‘ಲೆಸ್ ಸ್ಟೂಡೆಂಟ್ಸ್’ ಎಂದವರಿಗೆ ಇಂಗ್ಲಿಷೇ ಬರುವುದಿಲ್ಲ ಎಂದು ತೀರ್ಪು ಕೊಡುವುದಿಲ್ಲ.

‘ಇನ್‌ಫರ್’ ಮತ್ತು ‘ಇಂಪ್ಲೈ’ ಜೋಡಿಯ ಕಥೆ ಇನ್ನೂ ಸ್ವಾರಸ್ಯಕರ. ಮಾತಿನಲ್ಲಿ ಸೂಚಿಸುವುದು ‘ಇಂಪ್ಲೈ’, ಆ ಮಾತಿನಿಂದ ಊಹಿಸಿಕೊಳ್ಳುವುದು ‘ಇನ್‌ಫರ್’ ಎಂಬುದು ಇಂದು ಒಪ್ಪಿತವಾದ ಅಂತರ. ಈ ಎರಡು ಪದಗಳನ್ನು ಇಂದಿನ ಒಪ್ಪಿತ ಅರ್ಥಗಳಲ್ಲಿ ಬಳಸಿದ ಮೊದಲಿಗರು, ನಮಗೆ ತಿಳಿದಮಟ್ಟಿಗೆ, ಸರ್ ಥಾಮಸ್ ಮೋರ್, ಇಸವಿ 1528. ‘ಇನ್‌ಫರ್’ ಪದವನ್ನು ‘ಇಂಪ್ಲೈ’ ಅರ್ಥಕ್ಕೆ ಹತ್ತಿರವಾಗಿ ಬಳಸಿದ ಮೊದಲಿಗರೂ ಅವರೇ, ಇಸವಿ 1533. ಒಬ್ಬನೇ ಲೇಖಕ, ಐದು ವರ್ಷಗಳ ಅಂತರದಲ್ಲಿ, ಇಂದಿನ ಮೇಷ್ಟರುಗಳು ಸರಿಯೆನ್ನುವುದನ್ನೂ ತಪ್ಪೆನ್ನುವುದನ್ನೂ ಬರೆದಿಟ್ಟು ಹೋಗಿದ್ದಾನೆ. ಇಷ್ಟಾದರೂ ಈ ಅಂತರವನ್ನು ಉಳಿಸಿಕೊಳ್ಳುವುದು ಒಳ್ಳೆಯದೆಂದೇ ನಾನು ಹೇಳುತ್ತೇನೆ. ತನಿಖಾ ವರದಿಯಲ್ಲಿ, ವಕೀಲರ ನೋಟಿಸಿನಲ್ಲಿ, ವೈದ್ಯರ ಟಿಪ್ಪಣಿಯಲ್ಲಿ ಹೇಳಿದವರು ಯಾರು, ಊಹಿಸಿದವರು ಯಾರು ಎಂಬುದು ಗೊಂದಲವಾದರೆ ನಿಜವಾಗಿ ತೊಂದರೆಯಾಗುತ್ತದೆ. ಅಂತರವನ್ನು ಪಾಲಿಸಲು ಅಷ್ಟೇ ಕಾರಣ ಸಾಕು. ಅದು ಅನಾದಿಯಿಂದ ಇತ್ತೆಂಬ ಕಟ್ಟುಕಥೆ ಬೇಕಾಗಿಲ್ಲ.

‘ಡಿಸ್‌ಇಂಟರೆಸ್ಟೆಡ್’ ಎಂದರೆ ನಿಷ್ಪಕ್ಷಪಾತ, ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದ ಎಂದು ಎಲ್ಲ ಪಟ್ಟಿಗಳೂ ಕಲಿಸುತ್ತವೆ. ಮೂಲದಲ್ಲಿ ಇದು ಸರಿಯಾಗಿ ತಿರುಗಮುರುಗ ಇತ್ತು. ‘ಅನ್‌ಇಂಟರೆಸ್ಟೆಡ್’ ನಿಷ್ಪಕ್ಷಪಾತವನ್ನೂ ‘ಡಿಸ್‌ಇಂಟರೆಸ್ಟೆಡ್’ ನಿರಾಸಕ್ತಿಯನ್ನೂ ಸೂಚಿಸುತ್ತಿದ್ದವು. ಹದಿನೆಂಟನೆಯ ಶತಮಾನದ ಹೊತ್ತಿಗೆ ಅರ್ಥಗಳು ಅದಲುಬದಲಾದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ‘ಡಿಸ್‌ಇಂಟರೆಸ್ಟೆಡ್’ ಪದದ ಹಳೆಯ ಅರ್ಥ ಮತ್ತೆ ತಲೆಯೆತ್ತಿದಾಗ ಜನ ಅದನ್ನು ಹೊಸ ತಪ್ಪೆಂದು ಭಾವಿಸಿದರು. ಸ್ವಾಮ್ಯಸೂಚಕವಾದ ‘ಇಟ್ಸ್’ ಪದಕ್ಕೆ ಅಪಾಸ್ಟ್ರಫಿ ಹಾಕುವುದನ್ನು ನಾವು ಇಂದು ಶಾಲಾಮಕ್ಕಳ ತಪ್ಪೆಂದು ಕೆಂಪು ಗೆರೆ ಎಳೆಯುತ್ತೇವೆ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಆ ಪದವನ್ನು ಅಪಾಸ್ಟ್ರಫಿಯೊಡನೆಯೇ ಬರೆಯುತ್ತಿದ್ದರು. ಇಂದಿನ ಬರವಣಿಗೆಯಲ್ಲಿ ಅದು ತಪ್ಪೇ, ಕೆಂಪು ಗೆರೆ ಬೀಳಲೇಬೇಕು. ‘ಹೋಪ್‌ಫುಲಿ’ ಪದವನ್ನು ವಾಕ್ಯದ ಮೊದಲಲ್ಲಿ ‘ಹೀಗಾಗಲೆಂದು ಆಶಿಸೋಣ’ ಎಂಬ ಅರ್ಥದಲ್ಲಿ ಬಳಸುವ ಬಗ್ಗೆ 1960ರ ದಶಕದಲ್ಲಿ ಎದ್ದ ಕೋಲಾಹಲದ ವಿವರವೂ ಪುಸ್ತಕದಲ್ಲಿದೆ. ಈಗ ಆ ಜಗಳ ತಣ್ಣಗಾಗಿದೆ.

ಪುಸ್ತಕದ ಆರಂಭದಲ್ಲಿ ಇಂಗ್ಲಿಷ್ ಬಳಕೆಯ ಕುರಿತ ಚರ್ಚೆಯ ಚಿಕ್ಕ ಇತಿಹಾಸವೊಂದಿದೆ. ಲೇಖನಗಳಿಗೆ ಹೋಗುವ ಮುನ್ನ ಇದನ್ನು ಓದಬೇಕೆಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ನಮ್ಮ ಶಾಲೆಗಳಲ್ಲಿ ಕಲಿಸಿದ ಎಷ್ಟೋ ನಿಯಮಗಳ ಜಾತಕ ಇಲ್ಲಿ ಸಿಗುತ್ತದೆ. ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದೆಂಬ ನಿಯಮ ಕವಿ ಜಾನ್ ಡ್ರೈಡನ್ 1672ರಲ್ಲಿ ಬೆನ್ ಜಾನ್ಸನ್ನರ ಬರವಣಿಗೆಯ ಮೇಲೆ ಎತ್ತಿದ ಆಕ್ಷೇಪದಿಂದ ಹುಟ್ಟಿದ್ದು. ರಾಬರ್ಟ್ ಲೌತ್ 1762ರಲ್ಲಿ ಬರೆದ ವ್ಯಾಕರಣವು ದೊಡ್ಡ ದೊಡ್ಡ ಲೇಖಕರ ವಾಕ್ಯಗಳನ್ನೇ ಎತ್ತಿಕೊಂಡು ತಪ್ಪು ತೋರಿಸಿತು. ಇದೇ ಲೌತ್ ಆಮೇಲೆ ಲಂಡನ್ನಿನ ಬಿಷಪ್ಪರಾದರು. 1795ರಲ್ಲಿ ಲಿಂಡ್ಲಿ ಮರ್ರೆ ಅಂಥ ನಿಯಮಗಳನ್ನು ಒಟ್ಟುಗೂಡಿಸಿ ಶಾಲಾಪುಸ್ತಕವಾಗಿಸಿದರು, ಅದು ಬಹುಕಾಲ ಮುದ್ರಣವಾಗುತ್ತಲೇ ಇತ್ತು. ಆಮ್ಲಜನಕದ ಶೋಧಕ್ಕೆ ಹೆಸರಾದ ಜೋಸೆಫ್ ಪ್ರೀಸ್ಟ್ಲಿ ಕೂಡ 1761ರಲ್ಲಿ ಇಂಗ್ಲಿಷ್ ವ್ಯಾಕರಣವೊಂದನ್ನು ಬರೆದಿದ್ದರು. ಭಾಷೆಯಲ್ಲಿ ಬಳಕೆಯೇ ಪ್ರಮಾಣವೆಂಬ ಅವರ ನಿಲುವು ಆ ಕಾಲದಲ್ಲಿ ಸೋತಿತು, ಲೌತರ ನಿಲುವು ಗೆದ್ದಿತು. ಗಿಲ್ಮನ್ ಮತ್ತು ಅವರ ಸಂಗಡಿಗರು ಮಾಡಿರುವುದು ಪ್ರೀಸ್ಟ್ಲಿ ಹಿಡಿದ ದಾರಿಯ ಕೆಲಸ.

ಈ ಕ್ಷೇತ್ರದಲ್ಲಿ ಎಲ್ಲರಿಗಿಂತ ಪ್ರಸಿದ್ಧವಾದ ಪುಸ್ತಕ ಹೆನ್ರಿ ಫೌಲರ್ ಅವರದು, 1926ರದು. 1965ರಲ್ಲಿ ಅರ್ನೆಸ್ಟ್ ಗವರ್ಸ್, 1996ರಲ್ಲಿ ರಾಬರ್ಟ್ ಬರ್ಚ್‌ಫೀಲ್ಡ್, 2015ರಲ್ಲಿ ಜೆರೆಮಿ ಬಟರ್‌ಫೀಲ್ಡ್ ಅದನ್ನು ಪರಿಷ್ಕರಿಸಿದ್ದಾರೆ. ನಮ್ಮ ಹಳೆಯ ಕಾಲೇಜು ಗ್ರಂಥಾಲಯಗಳ ಬೀರುಗಳಲ್ಲಿ ಗವರ್ಸ್ ಪರಿಷ್ಕರಣ ಇಂದಿಗೂ ಕಣ್ಣಿಗೆ ಬೀಳುತ್ತದೆ. ಫೌಲರ್ ಅವರ ಗದ್ಯ ಅಪ್ರತಿಮ. ಇನ್ಫಿನಿಟಿವ್ ಒಡೆಯಬಾರದು, ಅಂದರೆ ‘ಟು’ ಮತ್ತು ಕ್ರಿಯಾಪದದ ನಡುವೆ ಬೇರೆ ಪದ ತರಬಾರದು ಎಂಬ ನಿಯಮವನ್ನು, ವಾಕ್ಯದ ಕೊನೆಯ ಪ್ರಿಪೊಸಿಷನ್ನಿನ ಭಯವನ್ನು ಅಂದೇ ಮೂಢನಂಬಿಕೆಗಳ ಸಾಲಿಗೆ ಸೇರಿಸಿದ ಧೈರ್ಯವೂ ಅವರದು. ಆದರೆ ಅವರ ಪುಸ್ತಕದಲ್ಲಿ ಕೊನೆಯ ಪ್ರಮಾಣ ಫೌಲರ್ ಅವರ ಕಿವಿಯೇ. ಆ ಕಿವಿ ಬಹಳ ಸೂಕ್ಷ್ಮವಾದದ್ದು, ನಿಜ. ಆದರೆ ಇಂಗ್ಲೆಂಡಿನ ಸುಶಿಕ್ಷಿತ ವರ್ಗದಲ್ಲಿ, ಗ್ರೀಕ್ ಲ್ಯಾಟಿನ್ ಓದಿ ಹದಗೊಂಡ ಕಿವಿ. ಹಾವೇರಿಯಲ್ಲೋ ಕೋಲಾರದಲ್ಲೋ ಹೈಸ್ಕೂಲು ಮುಗಿಸಿ ಇಂಗ್ಲಿಷಿಗೆ ಬಂದವರು ಆ ಕಿವಿಯನ್ನು ಎರವಲು ಪಡೆಯಲಾರರು. ಅವರಿಗೆ ಬೇಕಾದದ್ದು ಪರಿಶೀಲಿಸಿ ನೋಡಬಹುದಾದ ಪುರಾವೆ, ಅದು ಸಿಗುವುದು ಮೆರಿಯಮ್-ವೆಬ್‌ಸ್ಟರ್ ಪುಸ್ತಕದಲ್ಲಿ. ಫೌಲರ್ ಅವರನ್ನು ಓದುವ ಸುಖಕ್ಕಾಗಿ ಓದಬೇಕು. ಸಂದೇಹ ಬಂದಾಗ ತೆರೆಯಬೇಕಾದದ್ದು ಇದು.

ಈ ನಿಘಂಟು ಎಲ್ಲವನ್ನೂ ಒಪ್ಪಿಕೊಂಡುಬಿಡುತ್ತದೆ, ಇದರಲ್ಲಿ ಬೇಡವೆನ್ನುವುದೇ ಇಲ್ಲ ಎಂಬ ದೂರನ್ನು ಕೇಳಿದ್ದೇನೆ. ಪುಟ ತೆರೆದು ನೋಡಿದರೆ ಈ ದೂರು ನಿಲ್ಲುವುದಿಲ್ಲ. ‘ಇರ್‌ರಿಗಾರ್ಡ್‌ಲೆಸ್’ ಎಂಬ ಪದ ಬಳಕೆಯಲ್ಲಿರುವುದನ್ನು ದಾಖಲಿಸಿದರೂ ಅದು ಶಿಷ್ಟ ಬರವಣಿಗೆಗೆ ಸೇರಿಲ್ಲ, ‘ರಿಗಾರ್ಡ್‌ಲೆಸ್’ ಎಂದೇ ಬರೆಯುವುದು ಮೇಲು ಎಂಬುದು ಸಂಸ್ಥೆಯ ಸ್ಪಷ್ಟ ಸಲಹೆ. ‘ಲೇ’ (ಇಡು) ಮತ್ತು ‘ಲೈ’ (ಮಲಗು) ಕ್ರಿಯಾಪದಗಳ ಗೊಂದಲ ಹದಿನಾಲ್ಕನೆಯ ಶತಮಾನದಿಂದಲೂ ಇದೆಯೆಂದೂ ಸುಮಾರು 1770ರವರೆಗೆ ಅದನ್ನು ಯಾರೂ ಗಮನಿಸಿರಲಿಲ್ಲವೆಂದೂ ತಿಳಿಸುವಾಗ, ಇಂದು ಆ ಗೊಂದಲ ಮಾಡಿದವರ ಶಿಕ್ಷಣವನ್ನು ಜನ ಅಳೆಯುತ್ತಾರೆಂಬ ವಾಸ್ತವವನ್ನು ಮುಚ್ಚಿಡುವುದಿಲ್ಲ. ‘ಅಫೆಕ್ಟ್’ ಮತ್ತು ‘ಎಫೆಕ್ಟ್’, ‘ಪ್ರಿನ್ಸಿಪಲ್’ ಎಂದೇ ಉಚ್ಚರಿಸುವ ಎರಡು ಬೇರೆ ಪದಗಳ ಕಾಗುಣಿತಗಳು, ಇವುಗಳಲ್ಲಿ ಆಗುವುದು ನಿಜವಾದ ತಪ್ಪು. ಇಲ್ಲಿ ಚರಿತ್ರೆಯ ನೆಪ ಹೇಳಿ ಯಾರಿಗೂ ವಿನಾಯಿತಿ ಕೊಡುವುದಿಲ್ಲ. ನಿಜವಾದ ತಪ್ಪನ್ನೂ ಯಾರದೋ ಅಭಿರುಚಿ ಗಟ್ಟಿಗೊಂಡು ಆದ ನಿಯಮವನ್ನೂ ಬೇರೆ ಬೇರೆ ಮಾಡಿ ತೋರಿಸುವುದೇ ಈ ಪುಸ್ತಕದಿಂದ ನನಗೆ ಆಗಿರುವ ದೊಡ್ಡ ಉಪಕಾರ.

ಕಚೇರಿಯಲ್ಲಿ ಇದರ ಉಪಯೋಗ ಹೇಗೆ ಎಂಬುದಕ್ಕೆ ಒಂದು ಪ್ರಸಂಗ. ಇತರರು ಬರೆದ ಇಂಗ್ಲಿಷ್ ವರದಿಗಳನ್ನು ಅಚ್ಚಿಗೆ ಹೋಗುವ ಮುನ್ನ ತಿದ್ದುವುದು ನನ್ನ ಕೆಲಸ. ನಮ್ಮಲ್ಲಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ಕರಡನ್ನು ಹಿಡಿದುಕೊಂಡು ಬಂದು, “ಮೇಡಂ, ನಾನು ‘ದ ಡೇಟಾ ಶೋಸ್’ ಅಂತ ಬರೆದಿದ್ದೆ. ಒಬ್ಬರು ‘ಶೋ’ ಅಂತ ತಿದ್ದಿದ್ದಾರೆ, ಇನ್ನೊಬ್ಬರು ಮುಂದಿನ ಅಧ್ಯಾಯದಲ್ಲಿ ‘ಶೋಸ್’ ಅಂತಲೇ ಬಿಟ್ಟಿದ್ದಾರೆ. ಯಾವುದನ್ನ ಇಟ್ಕೊಳ್ಳಲಿ?” ಎಂದು ಕೇಳಿದ. ನಿಘಂಟು ತೆರೆದು ಅವನಿಗೇ ಓದಲು ಕೊಟ್ಟೆ. ಲ್ಯಾಟಿನ್ ಮೂಲದ ಬಹುವಚನವಾದ ‘ಡೇಟಾ’ ಇಂಗ್ಲಿಷಿಗೆ ಬಂದ ಮೇಲೆ ‘ಡೇಟಮ್’ ಎಂಬ ಏಕವಚನದ ಹಂಗು ತೊರೆದು ತನ್ನದೇ ಬಾಳು ಬಾಳುತ್ತಿದೆ. ಬಹುವಚನವಾಗಿಯೂ ‘ಇನ್ಫರ್ಮೇಷನ್’ ಪದದಂತೆ ಏಕವಚನವಾಗಿಯೂ ಎರಡೂ ಬಗೆಯಲ್ಲಿ ಶಿಷ್ಟ ಬಳಕೆಯಲ್ಲಿದೆ ಎಂಬುದು ಅಲ್ಲಿನ ತೀರ್ಮಾನ. “ಹಾಗಾದ್ರೆ ಎರಡೂ ಸರಿನಾ?” ಎಂದ. “ಎರಡೂ ಸರಿ ಕಣಪ್ಪ. ಆದರೆ ಒಂದನ್ನು ಆರಿಸಿಕೊಂಡು ಮೊದಲ ಪುಟದಿಂದ ಕೊನೆ ಪುಟದವರೆಗೂ ಅದನ್ನೇ ಇಡು” ಎಂದೆ. ಆ ವರದಿ ಏಕವಚನದಲ್ಲಿ ಹೋಯಿತು. ಇಬ್ಬರು ಹಿರಿಯರ ನಡುವೆ ಸಿಕ್ಕಿಕೊಂಡಿದ್ದ ಆ ಹುಡುಗನಿಗೆ ಬೇಕಾಗಿದ್ದು ಮೂರನೆಯ ಹಿರಿಯಳ ಅಪ್ಪಣೆಯಲ್ಲ, ತಾನೇ ಓದಿ ತಿಳಿಯಬಹುದಾದ ಒಂದು ಪುಟ.

ವಿವಾದಗಳ ಮಾತಷ್ಟೇ ಅಲ್ಲದೆ, ಯಾವ ಪದದ ಜೊತೆ ಯಾವ ಪ್ರಿಪೊಸಿಷನ್ ಬರುತ್ತದೆ ಎಂದು ತೋರಿಸುವ ಪುಟ್ಟ ಲೇಖನಗಳು ಪುಸ್ತಕದುದ್ದಕ್ಕೂ ಹರಡಿವೆ. ಇವುಗಳ ಬಗ್ಗೆ ವಿಮರ್ಶಕರು ಹೆಚ್ಚು ಮಾತಾಡುವುದಿಲ್ಲ, ಆದರೆ ವಿಭಕ್ತಿ ಪ್ರತ್ಯಯಗಳ ಭಾಷೆಯಿಂದ ಹೋದ ನಮಗೆ ಇವೇ ಹೆಚ್ಚು ಬೇಕಾದವು. ‘ಡಿಫರೆಂಟ್’ ನಂತರ ‘ಫ್ರಮ್’ ಬರಬೇಕೋ, ‘ದ್ಯಾನ್’ ಬರಬೇಕೋ, ‘ಟು’ ಬರಬೇಕೋ? ‘ಫ್ರಮ್’ ಎಲ್ಲ ಕಡೆಯೂ ಸಲ್ಲುತ್ತದೆ, ‘ದ್ಯಾನ್’ ಅಮೆರಿಕದಲ್ಲಿ ಹೆಚ್ಚು, ‘ಟು’ ಬ್ರಿಟನ್ನಿನಲ್ಲಿ ಹೆಚ್ಚು ಎಂದು ತಿಳಿದುಕೊಂಡರೆ, ಎದುರಿಗಿರುವ ಓದುಗ ಯಾವ ದೇಶದವನೆಂದು ನೋಡಿ ಬರೆಯಬಹುದು.

ಉದ್ಧರಣೆಗಳ ಮೂಲಕವೇ ಪದವನ್ನು ಅಳೆಯುವ ಈ ಕ್ರಮ ಕನ್ನಡಿಗರಿಗೆ ಹೊಸತೇನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ-ಕನ್ನಡ ನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಕೊಟ್ಟೇ ಅರ್ಥ ಹೇಳುತ್ತದೆ. ಆ ಕೆಲಸದಲ್ಲಿ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರ ಕೊಟ್ಟರು. ಅದನ್ನು ವಾರ ವಾರ ಓದಿ ಬೆಳೆದವರಿಗೆ ಗಿಲ್ಮನ್ ಅವರ ನಿಘಂಟಿನ ಧಾಟಿ ಬೇಗ ಹಿಡಿಸುತ್ತದೆ.

ಇನ್ನು ಕೊರತೆಗಳು. ಮೊದಲನೆಯದು, ಇದು ಅಮೆರಿಕ ಮತ್ತು ಬ್ರಿಟನ್ನಿನ ಬರಹಗಳ ಮೇಲೆ ನಿಂತ ಪುಸ್ತಕ. ಭಾರತದ ಇಂಗ್ಲಿಷನ್ನು ಇದು ಗುರಿಯಾಗಿಟ್ಟುಕೊಂಡಿಲ್ಲ. ನಾವು ದಿನವೂ ಎದುರಿಸುವ ಸಂದೇಹಗಳು ಬೇರೆಯೇ ಇವೆ. ‘ಅದರ ಬಗ್ಗೆ ಚರ್ಚಿಸೋಣ’ ಎಂಬ ನಮ್ಮ ವಾಕ್ಯ ‘ಡಿಸ್ಕಸ್ ಅಬೌಟ್’ ಆಗುತ್ತದೆ. ‘ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದು ‘ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್’ ಆಗುತ್ತದೆ. ಇವು ಇಲ್ಲಿನ ಭಾಷೆಗಳ ರಚನೆ ಇಂಗ್ಲಿಷಿನೊಳಗೆ ನುಸುಳಿದ್ದರಿಂದ ಆದವು, ಶಿಷ್ಟ ಬರವಣಿಗೆಯಲ್ಲಿ ತಿದ್ದಬೇಕಾದವು. ‘ಡು ದ ನೀಡ್‌ಫುಲ್’ ಎಂಬುದರ ಕಥೆ ಬೇರೆ. ಅದು ಒಂದು ಕಾಲಕ್ಕೆ ಬ್ರಿಟಿಷರೇ ಸರಾಗವಾಗಿ ಬರೆಯುತ್ತಿದ್ದ ಮಾತು. ಅಲ್ಲಿ ಮರೆಯಾಯಿತು, ನಮ್ಮ ಸರ್ಕಾರಿ ಪತ್ರಗಳಲ್ಲಿ ಉಳಿಯಿತು. ಕಾಲೇಜಿನಿಂದ ‘ಪಾಸ್ಡ್ ಔಟ್’ ಆದೆ ಎನ್ನುವುದಕ್ಕೆ ಸೈನ್ಯದ ತರಬೇತಿ ಶಾಲೆಗಳ ‘ಪಾಸಿಂಗ್ ಔಟ್ ಪೆರೇಡ್’ ನೆಂಟಸ್ತಿಕೆ ಇದೆ, ಆದರೆ ಅಮೆರಿಕದ ಸಂದರ್ಶಕರ ಮುಂದೆ ಹಾಗೆಂದರೆ ಪ್ರಜ್ಞೆ ತಪ್ಪಿ ಬಿದ್ದೆ ಎಂದು ಅರ್ಥವಾಗುತ್ತದೆ. ‘ಪ್ರಿಪೋನ್’ ಪದವಂತೂ ‘ಪೋಸ್ಟ್‌ಪೋನ್’ ಪದಕ್ಕೆ ಸರಿಯಾದ ಜೋಡಿ. ಅದು ಮಾಡುವ ಕೆಲಸವನ್ನು ಅಷ್ಟು ಸ್ಪಷ್ಟವಾಗಿ ಒಂದೇ ಪದದಲ್ಲಿ ಮಾಡುವ ಬೇರೊಂದು ಪದ ಇಂಗ್ಲಿಷಿನಲ್ಲಿ ರೂಢಿಯಲ್ಲಿಲ್ಲ, ಅದನ್ನು ಬಿಡುವ ಅಗತ್ಯ ನನಗೆ ಕಾಣುವುದಿಲ್ಲ. ‘ರಿವರ್ಟ್’ ಪದವನ್ನು ‘ಉತ್ತರಿಸು’ ಎಂಬ ಅರ್ಥದಲ್ಲಿ ಭಾರತ, ಸಿಂಗಪುರ, ಮಲೇಶಿಯಾಗಳ ಕಚೇರಿಗಳು ಧಾರಾಳವಾಗಿ ಬಳಸುತ್ತವೆ. ಈ ದೇಶಗಳೊಳಗಿನ ಪತ್ರಕ್ಕೆ ಅದು ನಡೆಯುತ್ತದೆ; ಹೊರಗಿನವರಿಗೆ ಬರೆಯುವಾಗ ‘ರಿಪ್ಲೈ’ ಎಂದುಬಿಟ್ಟರೆ ಓದುವವರಿಗೆ ತೊಡಕಿಲ್ಲ.

ಇಂಥ ಪ್ರಯೋಗಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ‘ಇಂಡಿಯನ್ ಮಿಸ್ಟೇಕ್ಸ್’ ಎಂದು ಕರೆಯುವ ಪಟ್ಟಿಗಳು ಬಹಳ ಅನ್ಯಾಯ ಮಾಡುತ್ತವೆ. ಒಂದೊಂದಕ್ಕೂ ಒಂದೊಂದು ಹುಟ್ಟು, ಒಂದೊಂದು ಮರ್ಯಾದೆ ಇದೆ. ಮೆರಿಯಮ್-ವೆಬ್‌ಸ್ಟರ್ ಪುಸ್ತಕದ ವಿಧಾನವನ್ನು ಕಲಿತರೆ ಇವನ್ನು ನಾವೇ ವಿಂಗಡಿಸಿಕೊಳ್ಳಬಹುದು, ಆದರೆ ಆ ಕೆಲಸವನ್ನು ಪುಸ್ತಕ ನಮಗಾಗಿ ಮಾಡಿಕೊಡುವುದಿಲ್ಲ. ಪರೂ ನಿಹಲಾನಿ, ಟಾಂಗ್ ಮತ್ತು ಪ್ರಿಯಾ ಹೊಸಾಳಿ ಸೇರಿ ಬರೆದು 1979ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿದ, ಭಾರತ ಮತ್ತು ಬ್ರಿಟನ್ನಿನ ಇಂಗ್ಲಿಷನ್ನು ಅಕ್ಕಪಕ್ಕ ಇಟ್ಟು ನೋಡುವ ಕೈಪಿಡಿಯನ್ನು ಗ್ರಂಥಾಲಯದಲ್ಲಿ ಕಂಡರೆ ಬಿಡಬೇಡಿ.

ಎರಡನೆಯ ಕೊರತೆ ಕಾಲದ್ದು. 1989ರ ನಂತರ ಇಮೇಲು, ಮೊಬೈಲು, ಅಂತರ್ಜಾಲ ಬಂದು ಇಂಗ್ಲಿಷ್ ಬರವಣಿಗೆಯ ಪ್ರಮಾಣವೂ ವೇಗವೂ ಬದಲಾಗಿವೆ. ಈ ಪುಸ್ತಕ ಅದಕ್ಕೆ ಮುಂಚಿನದು. 1994ರಲ್ಲಿ ಈಗಿನ ಹೆಸರಿನಲ್ಲಿ ಮರುಮುದ್ರಣವಾದರೂ ಆಮೇಲೆ ಇದೇ ಗಾತ್ರದ ಹೊಸ ಪರಿಷ್ಕರಣ ಬರಬೇಕಿತ್ತು. ‘ದೆ’ ಎಂಬ ಸರ್ವನಾಮವನ್ನು ಒಬ್ಬ ವ್ಯಕ್ತಿಗೆ ಬಳಸುವ ಕುರಿತು ಇಲ್ಲಿರುವ ಚರ್ಚೆ ಚಾಸರ್, ಷೇಕ್ಸ್‌ಪಿಯರ್ ಕಾಲದಿಂದ ಹಿಡಿದು ಬಂದು ಬಹಳ ಚೆನ್ನಾಗಿದೆ, ಆದರೆ ಕಳೆದ ಕೆಲವು ವರ್ಷಗಳಲ್ಲಿ ಆ ಪದ ಪಡೆದ ಹೊಸ ಬಳಕೆಗೆ ಬೇರೆಡೆ ನೋಡಬೇಕು. ಸಂಸ್ಥೆಯ ಜಾಲತಾಣದಲ್ಲಿ ಬಳಕೆಯ ಟಿಪ್ಪಣಿಗಳು ಉಚಿತವಾಗಿ ಸಿಗುತ್ತವೆ. ಹೊಸ ಸಂಗತಿಗಳಿಗೆ ಅವು ಸಾಕು. ಆದರೆ ಅವು ಚುಟುಕಾಗಿವೆ, ಮುದ್ರಿತ ಪುಸ್ತಕದಷ್ಟು ಉದ್ಧರಣೆಗಳು ಅಲ್ಲಿರುವುದಿಲ್ಲ.

ಮೂರನೆಯದು, ಪುಸ್ತಕ ಭಾರವಾಗಿದೆ, ಅಕ್ಷರ ಸಣ್ಣದು, ಸಾಲುಗಳು ಒತ್ತಾಗಿವೆ. ಉತ್ತರವೊಂದೇ ಬೇಕೆಂದು ಅವಸರದಲ್ಲಿ ತೆರೆಯುವವರಿಗೆ ತೀರ್ಮಾನ ಲೇಖನದ ತುದಿಯಲ್ಲಿರುವುದರಿಂದ ಬೇಸರವಾಗಬಹುದು.

ಈಗಷ್ಟೇ ಇಂಗ್ಲಿಷ್ ಕಲಿಯುತ್ತಿರುವವರು, ಪರೀಕ್ಷೆಗೆ ಓದುತ್ತಿರುವವರು ಇದನ್ನು ಕೊಳ್ಳಬೇಕಾಗಿಲ್ಲ. ಆ ಹಂತದಲ್ಲಿ ಯಾವುದು ಶಿಷ್ಟ ಎಂಬುದು ಮೊದಲು ಕೈಗೆ ಹತ್ತಬೇಕು. ವಿವಾದಗಳ ಚರಿತ್ರೆ ಆಮೇಲೆ. ಅವರಿಗೆ ಮೈಕೆಲ್ ಸ್ವಾನ್ ಅವರ ‘ಪ್ರಾಕ್ಟಿಕಲ್ ಇಂಗ್ಲಿಷ್ ಯೂಸೇಜ್’ ಸರಿಯಾದ ಪುಸ್ತಕ. 1980ರಲ್ಲಿ ಮೊದಲು ಬಂದು, 2016ರಲ್ಲಿ ನಾಲ್ಕನೆಯ ಆವೃತ್ತಿ ಕಂಡ ಅದು ಇಂಗ್ಲಿಷ್ ಮಾತೃಭಾಷೆಯಲ್ಲದವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದದ್ದು. ‘ಸಿನ್ಸ್’ ಮತ್ತು ‘ಫಾರ್’ ಗೊಂದಲದಂಥವುಗಳನ್ನು ನೇರವಾಗಿ ಬಿಡಿಸಿಕೊಡುತ್ತದೆ. ಅಧ್ಯಾಪಕರು, ಅನುವಾದಕರು, ಪತ್ರಕರ್ತರು, ವರದಿ ತಿದ್ದುವವರು, ಮಕ್ಕಳ ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಎಳೆಯುವ ಅಧಿಕಾರವುಳ್ಳವರು ಮೆರಿಯಮ್-ವೆಬ್‌ಸ್ಟರ್ ಪುಸ್ತಕವನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಇಂಗ್ಲಿಷ್ ವಿಭಾಗವಿರುವ ಪ್ರತಿಯೊಂದು ಕಾಲೇಜಿನ ಗ್ರಂಥಾಲಯದಲ್ಲೂ ಒಂದು ಪ್ರತಿ ಇರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಕೊಳ್ಳುವಾಗ ಒಂದು ಎಚ್ಚರ. ಇದೇ ಸಂಸ್ಥೆ 2002ರಲ್ಲಿ ‘ಕನ್ಸೈಸ್’ ಎಂಬ ಸಂಕ್ಷಿಪ್ತ ಆವೃತ್ತಿಯನ್ನೂ ತಂದಿದೆ, ಅಂತರ್ಜಾಲದ ಅಂಗಡಿಗಳಲ್ಲಿ ಎರಡರ ಹೆಸರೂ ಅಕ್ಕಪಕ್ಕ ಬಂದು ಗೊಂದಲವಾಗುತ್ತದೆ. ಸಂಕ್ಷಿಪ್ತ ಆವೃತ್ತಿ ಹಗುರವಾಗಿದೆ, ಕೈಯಲ್ಲಿ ಹಿಡಿದು ಓದಲು ಸುಲಭ, ಆದರೆ ಲೇಖನಗಳನ್ನು ಮೊಟಕುಗೊಳಿಸುವಾಗ ಉದ್ಧರಣೆಗಳಿಗೇ ಹೆಚ್ಚಾಗಿ ಕತ್ತರಿ ಬಿದ್ದಿದೆ. ಸಾಕ್ಷ್ಯಕ್ಕಾಗಿ ಕೊಳ್ಳುವ ಪುಸ್ತಕದಲ್ಲಿ ಸಾಕ್ಷ್ಯವೇ ಕಡಿಮೆಯಾದರೆ ಪ್ರಯೋಜನವಿಲ್ಲ. ‘ಕನ್ಸೈಸ್’ ಎಂಬ ಪದ ಇಲ್ಲದ ದೊಡ್ಡ ಆವೃತ್ತಿಯನ್ನೇ ತರಿಸಿಕೊಳ್ಳಿ, ಹೊಸದು ಸಿಗದಿದ್ದರೆ ಹಳೆಯ ಪ್ರತಿಯಾದರೂ ಆದೀತು.